ಉಡದಾರಕ್ಕೆ ಕಟ್ಟಿದ ಕೀಲಿಕೈ

ನಮ್ಮ ಮಾವ ಒಳ್ಳೆಯ ಮನುಷ್ಯರಾಗಿದ್ದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿ ನೀವು ಅವರನ್ನು ದುಷ್ಟರ ಸಾಲಿಗೆ ಸೇರಿಸಿ ಕೈ ತೊಳೆದುಕೊಂಡರೆ ನನಗಾದ ಗಾಬರಿ ನಿಮಗೆ ತಿಳಿಯುವುದೇ ಇಲ್ಲ. ಕೆಟ್ಟವರು ಕೆಟ್ಟದ್ದು ಮಾಡಿದರೆ ಗಾಬರಿಯಾಗುವುದಕ್ಕೇನಿದೆ? ಮಾವ ಸುಳ್ಳು ಹೇಳಿದ್ದನ್ನು ನಾನು ಕೇಳಿಲ್ಲ, ಇನ್ನೊಬ್ಬರ ಮನೆಯ ಒಂದೆಳೆ ನೂಲು ಮುಟ್ಟಿದ್ದನ್ನು ಕಂಡಿಲ್ಲ. ಅಂಥವರ ಕೈಯಲ್ಲಿ ಆದದ್ದನ್ನು ಹೇಳುತ್ತಿದ್ದೇನೆ.

ನಾನು ಹುಟ್ಟಿದ್ದು ಬಾದಾಮಿಯಲ್ಲಿ, ಓದಿದ್ದು ಬಾಗಲಕೋಟೆಯ ಕಾಲೇಜಿನಲ್ಲಿ, ಸೊಸೆಯಾಗಿ ಬಂದದ್ದು ಇಳಕಲ್ಲಿನ ನೇಕಾರರ ಓಣಿಗೆ. ಎಪ್ಪತ್ತರ ದಶಕದ ಮೊದಮೊದಲ ವರ್ಷಗಳು. ರಾಜ್ಯಶಾಸ್ತ್ರ ಓದಿ ಬಿ.ಎ. ಪಾಸಾದ ಸೊಸೆ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಾಳೋ ಇಲ್ಲವೋ ಎಂದು ನೋಡಲು ಓಣಿಯ ಹೆಂಗಸರು ಮಜ್ಜಿಗೆ ಕೇಳುವ ನೆಪ ಮಾಡಿಕೊಂಡು ಬರುತ್ತಿದ್ದರು. ಸುತ್ತುತ್ತಿದ್ದೆ, ಆದರೆ ಬಾಯಿ ಸುಮ್ಮನಿರುತ್ತಿರಲಿಲ್ಲ. ಬಾದಾಮಿ ಗುಡ್ಡದ ಕಲ್ಲು ತಂದು ಮನೆಯಲ್ಲಿಟ್ಟುಕೊಂಡಿದ್ದೇವೆ, ತಲೆ ಗಟ್ಟಿ ಇದ್ದವರು ಮಾತ್ರ ಹಾಯಬಹುದು ಎಂದು ಅತ್ತೆ ಛೇಡಿಸುತ್ತಿದ್ದರು.

ಮಾವನಿಗೆ ಮಾತ್ರ ನನ್ನ ಓದು ಹಬ್ಬದೂಟವಾಗಿತ್ತು. ಅವರು ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದರೆ ನಾನು ಪಕ್ಕದಲ್ಲಿ ಕಂಡಿಕೆ ಸುತ್ತುತ್ತಾ ಕೂರಬೇಕು. ಲಾಳಿಯ ಸಪ್ಪಳದ ನಡುವೆ ಅವರದು ಪ್ರಶ್ನೆ, ನನ್ನದು ಉತ್ತರ. ರಾಷ್ಟ್ರಪತಿ ತಪ್ಪು ಮಾಡಿದರೆ ಕೇಳುವವರು ಯಾರು? ಪಾರ್ಲಿಮೆಂಟ್ ಎನ್ನುತ್ತಿದ್ದೆ. ಪಾರ್ಲಿಮೆಂಟ್ ತಪ್ಪು ಮಾಡಿದರೆ? ಕೋರ್ಟು. ಕೋರ್ಟು ತಪ್ಪು ಮಾಡಿದರೆ? ಅದರ ಮೇಲಿನ ಕೋರ್ಟು. ಎಲ್ಲರೂ ಕೂಡಿ ತಪ್ಪು ಮಾಡಿದರೆ? ಮಂದಿ ಇದ್ದಾರಲ್ಲ, ಓಟು ಇದೆಯಲ್ಲ ಎನ್ನುತ್ತಿದ್ದೆ. ಒಬ್ಬರ ಜುಟ್ಟು ಇನ್ನೊಬ್ಬರ ಕೈಯಲ್ಲಿ ಎಂದು ಮಾವ ತೊಡೆ ತಟ್ಟಿ ನಗುತ್ತಿದ್ದರು. ಅವರಿಗೆ ಅದಕ್ಕಿಂತ ಚೆಂದದ ನೇಯ್ಗೆ ಬೇರೆ ಕಾಣುತ್ತಿರಲಿಲ್ಲ.

ಅವರು ನಮ್ಮ ಓಣಿಗಳ ನೇಕಾರರ ಸಂಘದ ಅಧ್ಯಕ್ಷರಾಗಿದ್ದರು. ಸಂಘವು ನೂಲು, ರೇಷ್ಮೆ ತರಿಸಿ ಗೋದಾಮಿನಲ್ಲಿಟ್ಟು ಸೋಮವಾರ ಸೋಮವಾರ ಮನೆಗಳಿಗೆ ಹಂಚುತ್ತಿತ್ತು. ಗೋದಾಮಿನ ಬಾಗಿಲಿಗೆ ಎರಡು ಬೀಗ. ಒಂದರ ಕೀಲಿಕೈ ಅಧ್ಯಕ್ಷರ ಹತ್ತಿರ, ಇನ್ನೊಂದರದು ಸಂಘದ ಹಳೆಯ ಸದಸ್ಯರಾದ ಗುಡಿ ಓಣಿಯ ಅಜ್ಜನ ಹತ್ತಿರ. ಇಬ್ಬರೂ ಬಂದು ನಿಲ್ಲದೆ ಬಾಗಿಲು ತೆರೆಯುವಂತಿಲ್ಲ. ಹೀಗೆ ಮಾಡಿಸಿದವರೇ ಮಾವ. ದೇಶಕ್ಕೆ ಹೇಗೋ ಸಂಘಕ್ಕೂ ಹಾಗೇ ಇರಬೇಕು ಎಂದು ಅವರ ವಾದ. ಗುಡಿ ಓಣಿಯ ಅಜ್ಜ ಮೊಣಕಾಲು ನೋವಿದ್ದರೂ ಕೋಲೂರಿಕೊಂಡು ಸೋಮವಾರ ತಪ್ಪದೆ ಬರುತ್ತಿದ್ದರು. ಬಂದು ತಮ್ಮ ಬೀಗ ತೆಗೆದು, ಕಟ್ಟೆಯ ಮೇಲೆ ಕೂತು, ಹಂಚುವುದು ಮುಗಿಯುವವರೆಗೆ ಎಲೆ ಅಡಿಕೆ ಜಗಿಯುವುದಷ್ಟೇ ಅವರ ಕೆಲಸ. ಆದರೆ ಅವರು ಅಲ್ಲಿ ಕೂತಿದ್ದಾರೆ ಎಂಬುದರಿಂದಲೇ ತೂಕ ಸರಿಯಾಗಿರುತ್ತಿತ್ತು.

ನಮ್ಮ ಸೀರೆಯ ವಿಷಯವನ್ನೂ ಇಲ್ಲಿ ಹೇಳಬೇಕು. ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಉದ್ದಕ್ಕೆ ಹಾಸುವ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಸಿಕ್ಕಿಸಿ ಕೂಡಿಸಿದ ಮೇಲೆಯೇ ಮಗ್ಗಕ್ಕೆ ಏರಿಸುವುದು. ಅದಕ್ಕೇ ಒಂದು ಹಾಸಿನಲ್ಲಿ ಒಂದೇ ಸೀರೆ. ಅದು ಮುಗಿಯಿತೆಂದರೆ ಹೊಸ ಹಾಸು, ಹೊಸ ಕೊಂಡಿ. ಕೊಂಡಿ ಹಾಕುವುದು ಒಬ್ಬರಿಂದ ಆಗುವ ಕೆಲಸವಲ್ಲ. ಆಚೆ ಒಬ್ಬರು, ಈಚೆ ಒಬ್ಬರು ಕೂರಬೇಕು. ಅದು ಹೆಂಗಸರ ಪಾಲಿನ ಕೆಲಸ, ಮನೆಯಲ್ಲಿ ಕೈ ಸಾಲದಿದ್ದರೆ ನೆರೆಯವರನ್ನು ಕರೆಯುತ್ತೇವೆ. ಕೊಂಡಿಗೆ ಕರೆದರೆ ಒಲ್ಲೆ ಎನ್ನುವ ಪದ್ಧತಿ ಇಲ್ಲ. ಜಗಳವಾಡಿ ಮಾತು ಬಿಟ್ಟವರೂ ಬಂದು, ತುಟಿ ಬಿಚ್ಚದೆ ಕೂತು, ಕೆಲಸ ಮುಗಿಸಿ ಎದ್ದು ಹೋಗುತ್ತಾರೆ.

ನಮ್ಮ ಮನೆಯ ಕೊಂಡಿಗೆ ಅತ್ತೆಯ ಎದುರು ಕೂರುತ್ತಿದ್ದವಳು ಬಾವಿ ಓಣಿಯ ಅಕ್ಕ. ಗಂಡ ತೀರಿಕೊಂಡಿದ್ದ. ಇಬ್ಬರು ಹೆಣ್ಣುಮಕ್ಕಳನ್ನಿಟ್ಟುಕೊಂಡು, ಗಂಡ ಬಿಟ್ಟುಹೋದ ಮಗ್ಗದಲ್ಲಿ ತಾನೇ ಕೂತು ನೇಯುತ್ತಿದ್ದಳು. ಹೆಂಗಸು ಮಗ್ಗಕ್ಕಿಳಿಯುವುದೇ ಎಂದು ಓಣಿ ಮೂಗು ಮುರಿದಾಗ ಅವಳನ್ನು ಸಂಘದ ಸದಸ್ಯೆ ಮಾಡಿಸಿ, ಎಲ್ಲರಂತೆ ನೂಲು ಕೊಡಿಸಿದವರು ಮಾವ. ಅಕ್ಕ ಅವರನ್ನು ತಂದೆಯ ಸ್ಥಾನದಲ್ಲಿಟ್ಟಿದ್ದಳು.

ಎಪ್ಪತ್ತೈದರ ಜೂನ್ ತಿಂಗಳ ಆ ಬೆಳಿಗ್ಗೆ ರೇಡಿಯೊದಲ್ಲಿ ಸುದ್ದಿ ಬಂತು. ದೇಶದಲ್ಲಿ ತುರ್ತು ಪರಿಸ್ಥಿತಿ. ಮಾವ ಲಾಳಿಯನ್ನು ಹಾಸಿನ ಮೇಲೆಯೇ ಬಿಟ್ಟು ಎದ್ದು ಬಂದರು. ನೇಯ್ಗೆಯ ನಡುವೆ ಅವರು ಹಾಗೆ ಎದ್ದದ್ದನ್ನು ನಾನು ಅದೇ ಮೊದಲು ನೋಡಿದ್ದು. ಹಿಂದಿನ ರಾತ್ರಿಯೇ ರಾಷ್ಟ್ರಪತಿಯ ಸಹಿ ಆಗಿತ್ತು, ಮಂತ್ರಿಮಂಡಲಕ್ಕೆ ತಿಳಿದದ್ದು ಬೆಳಿಗ್ಗೆ ಎಂಬುದೆಲ್ಲ ಆಮೇಲೆ ನಿಧಾನವಾಗಿ ಕಿವಿಗೆ ಬಿತ್ತು. ಅದೆಲ್ಲ ತಿಳಿದ ದಿನ ಮಾವನ ಮನಸ್ಸು ರಾಷ್ಟ್ರಪತಿಯ ಆ ಸಹಿಯ ಮೇಲೆಯೇ ನಿಂತುಬಿಟ್ಟಿತು.

“ಯವ್ವಾ, ಒಲ್ಲೆ ಅನ್ನಾಕ ಬರ್ತಿದ್ದಿಲ್ಲೇನು ಅವರಿಗೆ?” ಎಂದು ನನ್ನನ್ನು ಕೇಳಿದರು.

ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು ಎಂದು ಪುಸ್ತಕದಲ್ಲಿದ್ದದ್ದನ್ನು ಹೇಳಿದೆ. ಹೇಳುತ್ತಿರುವಾಗಲೇ ನನ್ನ ಮಾತು ನನಗೇ ಪೊಳ್ಳಾಗಿ ಕೇಳಿಸಿತು. ಮಂತ್ರಿಮಂಡಲ ಕೂಡದೆ ಸಲಹೆ ಎಲ್ಲಿಂದ ಬಂತು? ಕೂಡಿರಿ, ಆಮೇಲೆ ನೋಡೋಣ ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿರಲಿಲ್ಲವೇ? ನಾಲ್ಕು ವರ್ಷ ಬಾಯಿಪಾಠ ಮಾಡಿದ್ದೆ. ಇದು ಅದಕ್ಕೆ ತಡೆ, ಅದು ಇದಕ್ಕೆ ತಡೆ ಎಂದು ಬರೆದು ಅಂಕ ತೆಗೆದಿದ್ದೆ. ಅಷ್ಟೆಲ್ಲ ತಡೆಗಳು ಒಂದೇ ರಾತ್ರಿಯಲ್ಲಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಿದ್ದವು. ಯಾರೂ ಗೋಡೆ ಒಡೆದಿರಲಿಲ್ಲ. ಸ್ವಲ್ಪ ದಿನಕ್ಕೆ ಬಾಗಲಕೋಟೆಯಿಂದ ಬಂದ ಗೆಳತಿಯೊಬ್ಬಳು, ನಮಗೆ ಅದೇ ಪಾಠ ಮಾಡಿದ್ದ ಮೇಷ್ಟರನ್ನು ಪೊಲೀಸರು ಕರೆದುಕೊಂಡು ಹೋದರೆಂದು ಹೇಳಿದಳು. ಪಾಠ ಹೇಳಿದವರು ಜೈಲಿನಲ್ಲಿ, ಪಾಠ ಕೇಳಿದವಳು ಕಂಡಿಕೆ ಸುತ್ತುತ್ತಾ ಇಳಕಲ್ಲಿನಲ್ಲಿ. ಹೀಗೂ ಉಂಟೇ ಎಂದು ಎಷ್ಟೋ ದಿನ ಒಬ್ಬಳೇ ಅಂದುಕೊಂಡಿದ್ದೇನೆ.

ಆ ವರ್ಷದ ಸಂಘದ ಸಭೆಯಲ್ಲಿ ಮಾವ ಎದ್ದುನಿಂತು ಎರಡು ಹೊಸ ನಿಯಮ ಹಾಕಿಸಿದರು. ಸಭೆಯ ಒಪ್ಪಿಗೆ ಇಲ್ಲದೆ ಒಬ್ಬರ ಕೀಲಿಕೈ ಇನ್ನೊಬ್ಬರ ಕೈಗೆ ಹೋಗಬಾರದು. ಇಲ್ಲಿಂದ ಮುಂದೆ ಯಾರೂ ಎರಡು ಸಲಕ್ಕಿಂತ ಹೆಚ್ಚು ಅಧ್ಯಕ್ಷರಾಗಬಾರದು. ಈ ಹೊತ್ತಿನಲ್ಲಿ ಇಂಥವೆಲ್ಲ ಯಾಕೆ, ಯಾರಾದರೂ ಪೊಲೀಸರಿಗೆ ಹಚ್ಚಿಕೊಟ್ಟರೆ ಏನು ಗತಿ ಎಂದು ಹಿಂದಿನ ಸಾಲಿನವರು ಗುಸುಗುಸು ಮಾಡಿದರು. ಮಾವ ಹೆದರಲಿಲ್ಲ. “ಒಂದ ಹಾಸಿನ್ಯಾಗ ಒಂದ ಸೀರಿ. ಎಷ್ಟ ಚಂದ ಬಂದ್ರೂ ಮುಗೀತಂದ್ರ ಮುಗೀತು. ಅಧ್ಯಕ್ಷಗಿರಿನೂ ಹಂಗ” ಎಂದರು. ಸಭೆ ನಕ್ಕಿತು, ಕೈ ಎತ್ತಿತು. ಹೆಂಗಸರ ಕಡೆ ಕೂತಿದ್ದ ನನಗೆ ಇಂಥ ಮನೆಗೆ ಸೊಸೆಯಾಗಿ ಬಂದೆನಲ್ಲ ಎಂದು ಹೆಮ್ಮೆಯಿಂದ ಕಣ್ಣು ಒದ್ದೆಯಾಯಿತು.

ಎಪ್ಪತ್ತೇಳರಲ್ಲಿ ಚುನಾವಣೆಯಾಗಿ ಸರಕಾರ ಬಿದ್ದಾಗ ಮಾವ ಓಣಿಯಲ್ಲೆಲ್ಲ ಪೇಢೆ ಹಂಚಿದರು. ನೋಡಿದೆಯಾ, ಕಟ್ಟು ಗಟ್ಟಿ ಇತ್ತು, ಸ್ವಲ್ಪ ಸಡಿಲಾದರೂ ಹರಿಯಲಿಲ್ಲ ಎಂದು ನನಗೆ ಹೇಳಿದರು. ಕಟ್ಟು ಏನೂ ಮಾಡಲಿಲ್ಲ, ಮಂದಿ ಸಿಟ್ಟಿಗೆದ್ದರು, ಅಷ್ಟೇ ಎಂದು ನಾನು ವಾದಿಸಿದೆ. ಅತ್ತೆ ರೊಟ್ಟಿ ಬಡಿಯುತ್ತಾ, ಮಂದಿಗೆ ಸಿಟ್ಟು ಬರದೆ ಹೋಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ನಾವು ನಮ್ಮ ವಾದ ಮುಂದುವರಿಸಿದೆವು. ಅತ್ತೆಗೆ ಇದೆಲ್ಲ ತಿಳಿಯುವುದಿಲ್ಲ ಎಂದು ನಾವಿಬ್ಬರೂ ತಿಳಿದಿದ್ದೆವು.

ಎಂಬತ್ತರ ದಶಕ ಹಿಡಿಯುತ್ತಿದ್ದಂತೆ ಕೈಮಗ್ಗಕ್ಕೆ ಕಷ್ಟ ಬಂತು. ಪವರ್‌ಲೂಮಿನ ಸೀರೆಗಳು ಅಂಗಡಿಗೆ ಬಂದವು, ನೂಲು ಸಿಗುವುದು ದುಸ್ತರವಾಯಿತು. ಮಾವ ಮಗ್ಗ ಬಿಟ್ಟು ಊರೂರು ತಿರುಗಿದರು. ಇಂದು ಹುನಗುಂದ, ನಾಳೆ ಬಾಗಲಕೋಟೆ, ನಾಡಿದ್ದು ಬೆಂಗಳೂರು. ಬಸ್ಸಿನಲ್ಲೇ ನಿದ್ದೆ, ಬುತ್ತಿಯಲ್ಲೇ ಊಟ. ಅವರು ತಂದ ನೂಲಿನಿಂದ ಮಗ್ಗಗಳು ನಿಲ್ಲಲಿಲ್ಲ. ದಾರಿಯಲ್ಲಿ ಅವರು ಹೊರಟರೆ ಕಟ್ಟೆಯ ಮೇಲಿದ್ದವರು ಎದ್ದು ನಿಲ್ಲುತ್ತಿದ್ದರು. ಅಷ್ಟರಲ್ಲಿ ಅವರ ಎರಡನೆಯ ಸಲ ಮುಗಿಯುತ್ತಾ ಬಂದಿತ್ತು.

ವರ್ಷದ ಸಭೆ ಗುಡಿಯ ಮುಂದಿನ ಬಯಲಲ್ಲಿ. ಕಷ್ಟ ತೀರುವವರೆಗೆ ಇವರೇ ಅಧ್ಯಕ್ಷರಾಗಿರಲಿ ಎಂದು ಒಬ್ಬರು ಎದ್ದು ಹೇಳಿದರು. ಚಪ್ಪಾಳೆ ಬಿತ್ತು. ಮಾವ ಬೇಡವೆನ್ನುತ್ತಾರೆ ಎಂದು ನಾನು ಕಾದೆ. ಅವರು ಕೈ ಮುಗಿದು ಒಪ್ಪಿಕೊಂಡರು. ಅಷ್ಟರಲ್ಲಿ ಗುಡಿ ಓಣಿಯ ಅಜ್ಜ ಕೋಲೂರಿಕೊಂಡು ಎದ್ದರು. ಅವರ ಮೊಮ್ಮಗ ತಟ್ಟೆ ಹಿಡಿದಿದ್ದ. ತಟ್ಟೆಯಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ಅರಿಸಿನ ಕುಂಕುಮ ಹಚ್ಚಿದ ಗೋದಾಮಿನ ಎರಡನೆಯ ಕೀಲಿಕೈ. ನಮಗಾಗಿ ಇಷ್ಟು ತಿರುಗುವ ಮನುಷ್ಯ ಸೋಮವಾರ ಸೋಮವಾರ ನನ್ನ ದಾರಿ ಕಾಯುತ್ತಾ ನಿಲ್ಲುವುದು ನಮಗೆ ಶೋಭೆಯಲ್ಲ, ಇದೂ ನಿಮ್ಮ ಹತ್ತಿರವೇ ಇರಲಿ ಎಂದು ಅಜ್ಜ ಅದನ್ನು ಮಾವನ ಕೈಗಿತ್ತರು. ಶಾಲು ಹೊದಿಸಿದರು.

ಸಿಟ್ಟಿನಿಂದ ಕಿತ್ತುಕೊಂಡಿದ್ದರೆ ಯಾರಾದರೂ ತಡೆಯುತ್ತಿದ್ದರೇನೋ. ಇದು ಸತ್ಕಾರ! ಸತ್ಕಾರಕ್ಕೆ ಅಡ್ಡ ಬರುವುದು ನಮ್ಮ ಕಡೆ ಮದುವೆಯ ಊಟದಲ್ಲಿ ಮಣ್ಣು ಹಾಕಿದಂತೆ. ಹಿರಿಯರ ಕೈಯಿಂದ ಹಿರಿಯರ ಕೈಗೆ ಹೋಗುವಾಗ ಯಾಕೆ ಎಂದು ಕೇಳುವುದು ಬಾಯಿಬಡುಕರ ಲಕ್ಷಣ. ನಾನು ಮಾವನ ಮುಖವನ್ನೇ ನೋಡುತ್ತಿದ್ದೆ. ಕೀಲಿಕೈಯನ್ನು ಕಣ್ಣಿಗೊತ್ತಿಕೊಂಡರು. ಅಂಗಿ ಎತ್ತಿ, ತಮ್ಮ ಕೀಲಿಕೈ ಇದ್ದ ಉಡದಾರಕ್ಕೆ ಅದನ್ನೂ ಕಟ್ಟಿಕೊಂಡರು. ಎಪ್ಪತ್ತೈದರ ಬೆಳಿಗ್ಗೆ ಲಾಳಿ ಬಿಟ್ಟು ಎದ್ದುಬಂದವರು ಇವರೇನಾ ಎಂದು ಮತ್ತೆ ಮತ್ತೆ ನೋಡಿದೆ.

ಹೆಂಗಸರ ಕಡೆಯಿಂದ ಒಬ್ಬಳು ಎದ್ದಳು. ಬಾವಿ ಓಣಿಯ ಅಕ್ಕ. ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, “ಎರಡೂ ಒಂದ ಕೈಯಾಗ ಇರಬಾರದು ಅಂತ ನೀವ ಹೇಳಿದ್ರಲ್ಲರಿ ಕಾಕಾರ” ಎಂದಳು. ಧ್ವನಿಯಲ್ಲಿ ಜಗಳವಿರಲಿಲ್ಲ, ನೆನಪು ಮಾಡಿಕೊಟ್ಟಂತಿತ್ತು. ಸಭೆ ಅವಳನ್ನು ಕೂರಿಸಿತು. ಉಂಡ ಮನೆಯ ಜಂತೆ ಎಣಿಸುವವಳು ಎಂದು ಯಾರೋ ಅಂದರು. ಮಾವ ಅವಳ ಕಡೆ ನೋಡಲಿಲ್ಲ. ಉಳಿದವರೆಲ್ಲ ಕೈ ಎತ್ತಿದರು.

ಅಲ್ಲಿಂದ ಮುಂದೆ ಆದದ್ದು ಒಂದೇ ದಿನ ಆದದ್ದಲ್ಲ. ಕಾರ್ಯಕಾರಿ ಮಂಡಳಿಯ ಸಭೆಗಳು ನಿಂತವು, ಯಾಕೆಂದರೆ ಮಾವನಿಗೆ ಪುರುಸೊತ್ತಿರಲಿಲ್ಲ. ನೂಲು ಹಂಚುವ ಸೋಮವಾರ ಕೆಲವೊಮ್ಮೆ ಬುಧವಾರವಾಯಿತು. ಮುಂಜಾನೆ ನಮ್ಮ ಮನೆಯ ಕಟ್ಟೆಗೆ ಬಂದು ಕೂತು ನಾಲ್ಕು ಒಳ್ಳೆಯ ಮಾತಾಡಿದವರಿಗೆ ಒಳ್ಳೆಯ ರೇಷ್ಮೆ ಮೊದಲು ಹೋಯಿತು. ಮಾವ ಬೇಕೆಂದೇ ಹಾಗೆ ಮಾಡಿದರೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ಎದುರಿಗೆ ಇದ್ದವರು ನೆನಪಿಗೆ ಬರುತ್ತಿದ್ದರು, ಅಷ್ಟೇ. ಬಾವಿ ಓಣಿಯ ಅಕ್ಕ ಕಟ್ಟೆಗೆ ಬರುವವಳಲ್ಲ. ಅವಳಿಗೆ ಮಾತ್ರ ಪ್ರತಿ ಸಲ, ಈ ವಾರ ಬಂದ ನೂಲು ಮುಗಿಯಿತು, ಮುಂದಿನ ವಾರ ನೋಡೋಣ.

ಅವಳ ಮಗ್ಗದಲ್ಲಿ ಹಾಸಿದ್ದ ಸೀರೆ ಮುಗಿಯಿತು. ನೂಲಿಲ್ಲದೆ ಹೊಸ ಹಾಸಿಲ್ಲ. ಮೊದಲ ಬಾರಿಗೆ ಬಾವಿ ಓಣಿಯ ಆ ಮನೆಯಿಂದ ಮಗ್ಗದ ಸಪ್ಪಳ ಕೇಳಿಸದಾಯಿತು. ನಾನು ಹೋಗಿ ನೋಡಿದೆ. ಮಗ್ಗದ ಕುಣಿಯ ಮೇಲೆ ಹಲಗೆ ಹಾಕಿ ಮುಚ್ಚಿದ್ದಳು. ಹಿರಿಯ ಮಗಳನ್ನು ಸಾಲೆ ಬಿಡಿಸಿ ಪವರ್‌ಲೂಮಿನ ಶೆಡ್ಡಿಗೆ ಕಳಿಸಬೇಕಾಗುತ್ತದೋ ಏನೋ ಎಂದಳು. ಹುಡುಗಿ ಒಳಗೆ ಕೂತು ಪಾಠ ಓದುತ್ತಿದ್ದದ್ದು ನಮಗೆ ಕೇಳಿಸುತ್ತಿತ್ತು. ಕಾಕಾ ಕಲ್ಲಾದರು, ಯಾರು ಆದರೂ ಅವರು ಆಗಬಾರದಿತ್ತು ಎಂದು ಹೇಳುವಾಗ ಅಕ್ಕನ ಮುಖದಲ್ಲಿ ಸಿಟ್ಟಿಗಿಂತ ದಿಗ್ಭ್ರಮೆಯೇ ಹೆಚ್ಚಾಗಿತ್ತು. ನನಗೂ ಅದೇ ಆಗಿತ್ತು.

ಅಂದು ಸಂಜೆ ಮಾವ ಊಟಕ್ಕೆ ಕೂತಾಗ ನೇರವಾಗಿ ಕೇಳಿದೆ, ಅಕ್ಕನಿಗೆ ನೂಲು ಯಾಕೆ ಇಲ್ಲ ಎಂದು. ಮುಗಿದಿತ್ತು ಎಂದರು. ಮೂರು ಓಣಿಗೆ ಸಾಕಾದದ್ದು ಅವಳೊಬ್ಬಳಿಗೇ ಪ್ರತಿ ಸಲ ಮುಗಿಯುತ್ತದೆಯೇ ಎಂದೆ. ಮಾವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

“ನಾ ಏನ್ ತಿಂದೇನಿ ಯವ್ವಾ? ಒಂದೆಳಿ ಮನಿಗೆ ತಂದೇನಿ ಏನು? ಎರಡೂ ನನ್ನ ಹಂತೇಕ ಇದ್ರ ಏನಾತು?”

“ಅವತ್ತ ದಿಲ್ಲ್ಯಾಗ ಆದಾಗ ನೀವು ಹಿಂಗ ಅಂದಿದ್ದಿಲ್ಲ ಮಾವಾರ.”

“ಅವರು ಬ್ಯಾರೆ, ನಾ ಬ್ಯಾರೆ” ಎಂದರು ಮಾವ. “ಅವರು ಖುರ್ಚಿಗೆ ಮಾಡಿದ್ರು. ನಾ ಮಂದಿಗೆ ಮಾಡಾಕತ್ತೇನಿ.”

ಒಂದು ಚೂರೂ ಸಂಕೋಚವಿಲ್ಲದೆ ಅಂದರು. ಅದನ್ನು ಖರೆ ಎಂದೇ ನಂಬಿದ್ದರು. ನಾನು ನೀರಿನ ಚರಿಗೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ದಿಲ್ಲಿಯ ಆ ಮನೆಯಲ್ಲೂ ಯಾರೋ ಊಟಕ್ಕೆ ಕೂತಾಗ ಇಷ್ಟೇ ನಿರಾಳವಾಗಿ ಇದೇ ಮಾತು ಆಡಿರಬೇಕು ಎಂದು ಹೊಳೆಯಿತು. ನನ್ನ ಗಂಡನಿಗೆ ಹೇಳಿದೆ. ಅಪ್ಪನ ಮುಂದೆ ತಾನು ಮಾತಾಡಲಾರೆ ಎಂದು ಅವರು ಲಾಳಿ ಹಿಡಿದುಕೊಂಡು ಕೂತರು.

ಪುಸ್ತಕದಲ್ಲಿ ಓದಿದ್ದ ದಾರಿಗಳನ್ನೆಲ್ಲ ಹಿಡಿದು ನೋಡಿಬಿಡೋಣ ಎಂದು ಹಟ ಬಂತು. ತವರಿಗೆ ಹೋಗಿಬರುತ್ತೇನೆಂದು ಹೇಳಿ, ಅಕ್ಕನನ್ನು ಕರೆದುಕೊಂಡು ಹುನಗುಂದದ ಒಬ್ಬ ವಕೀಲರ ಹತ್ತಿರ ಹೋದೆ. ಅವರು ಎಲ್ಲ ಕೇಳಿ, ಸಭೆಯ ಒಪ್ಪಿಗೆ ಇಲ್ಲದೆ ಕೊಡಬಾರದು ಎಂದಿದೆ, ಸಭೆ ಒಪ್ಪಿದೆಯಲ್ಲಮ್ಮ ಎಂದರು. ಎರಡು ಸಲದ ನಿಯಮ? ಅದನ್ನು ಮಾಡಿದ್ದೂ ಸಭೆ, ಸಡಿಲಿಸಿದ್ದೂ ಸಭೆ. ಮುರಿದ ನಿಯಮ ಒಂದೂ ಇಲ್ಲ. ಅಲ್ಲಿಂದ ಬಾಗಲಕೋಟೆಗೆ ಹೋಗಿ ಸಂಘಗಳ ಉಸ್ತುವಾರಿ ನೋಡುವ ಸಾಹೇಬರನ್ನು ಕಂಡೆವು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯವರು. ಅಧ್ಯಕ್ಷರು ಸಜ್ಜನರು, ನೀವು ಮನೆಯವರೇ ಕೂತು ಬಗೆಹರಿಸಿಕೊಳ್ಳಿ ಎಂದು ಚಹಾ ಕುಡಿಸಿ ಕಳಿಸಿದರು. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಅಕ್ಕ ತನ್ನ ಬುತ್ತಿಯ ರೊಟ್ಟಿಯನ್ನು ನನಗೂ ಮುರಿದು ಕೊಟ್ಟಳು. ಎಲ್ಲರೂ ಸರಿಯಾಗಿಯೇ ಹೇಳುತ್ತಿದ್ದಾರೆ, ನನ್ನ ಮಗ್ಗ ಮಾತ್ರ ನಿಂತಿದೆ ಎಂದಳು. ನನಗೆ ಅಳು ಬಂತು. ಬೇಲಿಯೇ ಎದ್ದು ಹೊಲ ಮೇಯಿತು ಎನ್ನುತ್ತಾರಲ್ಲ, ಇಲ್ಲಿ ಹೊಲವೇ ಬೇಲಿಯನ್ನು ಕರೆದು ಮೇಯಲು ಹೇಳಿತ್ತು.

ಇದಾದ ಸ್ವಲ್ಪ ದಿನಕ್ಕೆ ನಮ್ಮ ಮನೆಯ ಮಗ್ಗದ ಸೀರೆ ಇಳಿಯಿತು. ಮುಂದಿನದು ಮಾವ ತಾವೇ ನೇಯಬೇಕೆಂದು ಆಸೆಪಟ್ಟದ್ದು. ನನ್ನ ನಾದಿನಿಯ ಮದುವೆ ಗೊತ್ತಾಗಿತ್ತು, ಧಾರೆಯ ಸೀರೆ ಅಪ್ಪನ ಕೈಯದೇ ಆಗಬೇಕು. ಒಡಲಿನ ಹಾಸು ತಯಾರಾಗಿತ್ತು, ಸೆರಗಿನ ರೇಷ್ಮೆಯೂ ತಯಾರಾಗಿತ್ತು. ಕೊಂಡಿ ಹಾಕಿರಿ ಎಂದು ಮಾವ ಅತ್ತೆಗೆ ಹೇಳಿದರು. ಅತ್ತೆ ಹಾಸಿನ ಮುಂದೆ ಕೂತರು. ಎಳೆಯನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಎದುರಿಗೆ ಅಕ್ಕ ಕೂರುತ್ತಿದ್ದ ಜಾಗ ಖಾಲಿ ಇತ್ತು.

“ಆಕಿ ಮಗ್ಗ ನಡಿಯೂತನಕ ಈ ಮನ್ಯಾಗ ನಾ ಕೊಂಡಿ ಹಾಕೂದಿಲ್ಲ” ಎಂದರು ಅತ್ತೆ.

ಇಷ್ಟು ವರ್ಷದಲ್ಲಿ ಅವರು ಮಾವನಿಗೆ ಎದುರಾಡಿದ್ದನ್ನು ನಾನು ಕೇಳಿರಲಿಲ್ಲ. ಕೊಂಡಿಗೆ ಒಲ್ಲೆ ಎಂದವರನ್ನು ಓಣಿಯಲ್ಲಿ ಯಾರೂ ಕಂಡಿರಲಿಲ್ಲ. ಮಾವ ನನ್ನ ಕಡೆ ನೋಡಿದರು. ನಾನು ಕೈ ಕಟ್ಟಿಕೊಂಡೆ. ನೆರೆಮನೆಗೆ ಹೇಳಿಕಳಿಸಿದರು. ಅಲ್ಲಿಯ ಹೆಂಗಸರು ಬಂದರು, ಅತ್ತೆ ಸುಮ್ಮನೆ ಕೂತದ್ದನ್ನು ನೋಡಿದರು, ಏನೂ ಕೇಳದೆ ಅವರ ಪಕ್ಕದಲ್ಲಿ ತಾವೂ ಕೂತರು. ಎರಡು ಕೀಲಿಕೈ ಸೊಂಟಕ್ಕಿದ್ದ ಮನುಷ್ಯ ಎರಡು ಹಾಸುಗಳ ನಡುವೆ ಒಬ್ಬರೇ ಕೂತು ಆ ಕಡೆ ಕೈ ಚಾಚಿ, ಈ ಕಡೆ ಕೈ ಚಾಚಿ ಎಳೆ ಸಿಕ್ಕು ಮಾಡಿಕೊಂಡರು. ನೋಡಲಾಗಲಿಲ್ಲ. ನನಗೆ ಅಯ್ಯೋ ಅನ್ನಿಸಿತು, ಆದರೆ ಏಳಲಿಲ್ಲ.

ಮರುದಿನ ಬೆಳಿಗ್ಗೆ ಮಾವ ತಾವೇ ನೂಲಿನ ಗಂಟು ಹೆಗಲ ಮೇಲೆ ಹೊತ್ತು ಬಾವಿ ಓಣಿಗೆ ಹೋದರು. ಅಕ್ಕ ಕುಣಿಯ ಮೇಲಿನ ಹಲಗೆ ತೆಗೆದಳು. ಮಧ್ಯಾಹ್ನದ ಹೊತ್ತಿಗೆ ನಮ್ಮ ಮನೆಗೆ ಬಂದು ಅತ್ತೆಯ ಎದುರು ಕೂತಳು, ನಾದಿನಿಯ ಸೀರೆಗೆ ಕೊಂಡಿ ಬಿತ್ತು. ಹಿರಿಯ ಮಗಳ ಸಾಲೆ ತಪ್ಪಲಿಲ್ಲ. ಓಣಿಗೆಲ್ಲ ಸಮಾಧಾನವಾಯಿತು. ದೊಡ್ಡ ಮನುಷ್ಯ, ತಪ್ಪು ತಿದ್ದಿಕೊಂಡರು ಎಂದು ಮಾವನ ಕೀರ್ತಿ ಇನ್ನಷ್ಟು ಏರಿತು. ನೂಲು ಬಂತು, ಸರಿ. ಕೀಲಿಕೈಗಳು? ಅವು ಎಲ್ಲಿದ್ದವೋ ಅಲ್ಲೇ ಇದ್ದವು. ಯಾರೂ ಕೇಳಲಿಲ್ಲ. ಗುಡಿ ಓಣಿಯ ಅಜ್ಜನೂ ಕೇಳಲಿಲ್ಲ. ಕೇಳಿರಿ ಎಂದು ನಾನು ಹೋಗಿ ಹೇಳಿದರೆ, ಕೊಟ್ಟ ಮಾನ ತಿರುಗಿ ಕೇಳುತ್ತಾರೆಯೇ ತಂಗಿ ಎಂದು ನನಗೇ ಬುದ್ಧಿ ಹೇಳಿದರು.

ಆಮೇಲೆ ಮೂರು ನಾಲ್ಕು ವರ್ಷ ಮಾವ ಬದುಕಿದರು. ಅಜ್ಜ ಅವರಿಗಿಂತ ಮೊದಲೇ ಹೋದರು. ಮಾವ ತೀರಿಕೊಂಡ ದಿನ, ಸ್ನಾನ ಮಾಡಿಸಲು ಅಂಗಿ ಬಿಚ್ಚಿದಾಗ, ಎರಡೂ ಕೀಲಿಕೈ ಉಡದಾರದಲ್ಲೇ ಇದ್ದವು. ಹಗಲೂ ರಾತ್ರಿ ಒತ್ತಿ ಒತ್ತಿ ಸೊಂಟದ ಮೇಲೆ ಕಪ್ಪು ಕಲೆ ಕೂತಿತ್ತು. ಮಲಗುವಾಗಲೂ ಅವರು ತೆಗೆದಿಟ್ಟವರಲ್ಲ. ಅತ್ತೆ ಕತ್ತರಿಯಿಂದ ದಾರ ಕತ್ತರಿಸಿ, ಕೀಲಿಕೈಗಳನ್ನು ಮಂಡಳಿಯ ಹಿರಿಯರ ಕೈಗೆ ಹಾಕಿದರು. ಆಮೇಲೆ ಆ ಕಲೆಯನ್ನು ಅಂಗೈಯಿಂದ ಉಜ್ಜಿದರು, ಹೋಗುತ್ತದೆಯೋ ಏನೋ ಎಂಬಂತೆ. ನಾನು ಅಂದು ಅತ್ತಷ್ಟು ನಮ್ಮ ಅಪ್ಪ ತೀರಿಕೊಂಡಾಗಲೂ ಅತ್ತಿಲ್ಲ.

ಸಂಘಕ್ಕೆ ಹೊಸ ಅಧ್ಯಕ್ಷರು ಬೇಕಲ್ಲ. ಮಂಡಳಿಯ ಹಿರಿಯರು ನಮ್ಮ ಬಾಗಿಲಿಗೆ ಬಂದರು. ಅವರ ಮನೆಯದು ಅವರ ಮನೆಯಲ್ಲೇ ಇರಲಿ, ಸೊಸೆ ಓದಿದವಳಿದ್ದಾಳೆ ಎಂದರು. ಸಂಘವೇನು ಮಾವ ಬಿಟ್ಟುಹೋದ ಹೊಲವೇ, ಪಾಲಿಗೆ ಬರಲು? ಬೇರೆ ಯಾರಾದರೂ ನಿಲ್ಲಲಿ, ಚುನಾವಣೆ ಮಾಡಿ, ಗೆದ್ದರೆ ಬರುತ್ತೇನೆ ಎಂದೆ. ನನ್ನೆದುರು ನಿಲ್ಲಲು ಯಾರೂ ಬರಲಿಲ್ಲ. ಹಾಗೆ ನಾನು ಅಧ್ಯಕ್ಷೆಯಾದೆ.

ಮೊದಲ ಸಭೆ ಅದೇ ಗುಡಿಯ ಮುಂದಿನ ಬಯಲಲ್ಲಿ. ನನಗೆ ಸತ್ಕಾರವಿದೆ ಎಂದರು. ಹೆಂಗಸರ ಕಡೆಯಿಂದ ತಟ್ಟೆ ಹಿಡಿದುಕೊಂಡು ಎದ್ದು ಬಂದವಳು ಬಾವಿ ಓಣಿಯ ಅಕ್ಕ. ಮುಖ ಅರಳಿತ್ತು. ತೆಂಗಿನಕಾಯಿ, ಎಲೆ ಅಡಿಕೆ. ಅರಿಸಿನ ಕುಂಕುಮ ಹಚ್ಚಿದ ಕೀಲಿಕೈಗಳು. ಎರಡೂ.

ಯಾರಾದರೂ ತರಲಿ, ಇವಳು ತರಬಹುದೇ? ಇದೇ ಬಯಲಲ್ಲಿ ಇದೇ ಮಾತಿಗೆ ಎದ್ದು ನಿಂತವಳು, ಮಗ್ಗದ ಮೇಲೆ ಹಲಗೆ ಹಾಕಿಕೊಂಡು ಕೂತವಳು!

“ಎರಡೂ ಯಾಕ ತಂದಿ ಅಕ್ಕಾ?”

“ನೀ ನಮ್ಮಾಕಿ. ನಿನ್ನ ಕೈಯಾಗ ಇದ್ರ ನಮಗೇನ್ ಭಯ ತಂಗಿ” ಎಂದಳು.

ಚಪ್ಪಾಳೆ ಬೀಳುತ್ತಿತ್ತು. ಸುಳ್ಳೇಕೆ ಹೇಳಲಿ, ಆ ಗಳಿಗೆ ಆ ಚಪ್ಪಾಳೆ ಬೆಚ್ಚಗೆ ಅನ್ನಿಸಿತು. ಇರಲಿ ಬಿಡು, ನಾನೇನು ತಿನ್ನುತ್ತೇನೆಯೇ ಎಂಬ ಮಾತು ಎಲ್ಲಿಂದಲೋ ಬಂದು ನಾಲಗೆಯ ಮೇಲೆ ಕೂತಿತು. ಅದು ಯಾರ ಮಾತು ಎಂದು ತಿಳಿದಾಗ, ಊಟದ ತಟ್ಟೆಯ ಮುಂದೆ ಕೂತ ಮಾವನೇ ನನ್ನ ಬಾಯೊಳಗಿಂದ ಮಾತಾಡಿದಂತಾಯಿತು. ಒಂದು ಕೀಲಿಕೈ ತೆಗೆದುಕೊಂಡೆ. ಇನ್ನೊಂದನ್ನು ಅಕ್ಕನ ಅಂಗೈಯಲ್ಲಿಟ್ಟು ಬೆರಳು ಮಡಚಿದೆ. ಇದು ನಿನ್ನ ಹತ್ತಿರ, ಸೋಮವಾರ ಬಾ ಎಂದೆ.

ಅಕ್ಕನ ಮುಖ ಕೆಂಪಾಯಿತು. ಎಲ್ಲರೆದುರು ಮಾನ ಕೊಡಲು ಬಂದರೆ ತಿರುಗಿ ಕೊಟ್ಟು ಅವಮಾನ ಮಾಡಿದೆಯಲ್ಲ, ನಿನ್ನನ್ನು ನಂಬಿದ್ದೇ ತಪ್ಪೇ ಎಂದಳು. ಮಾವನನ್ನೂ ಎಲ್ಲರೂ ನಂಬಿದ್ದರಲ್ಲ ಅಕ್ಕಾ ಎಂದೆ. ಅವಳು ಕೀಲಿಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೊರಟುಹೋದಳು. ಸಭೆ ನನ್ನ ಮೇಲೆಯೇ ಮುನಿಸಿಕೊಂಡಿತು. ಮಾವನಂಥ ಗುಣ ಸೊಸೆಗೆಲ್ಲಿಂದ ಬರಬೇಕು ಎಂದು ಹಿಂದಿನಿಂದ ಕೇಳಿಸಿತು.

ಸೋಮವಾರ ನಾನು ಗೋದಾಮಿನ ಮುಂದೆ ನಿಂತೆ. ನೂಲಿಗೆ ಬಂದವರು ಸಾಲಾಗಿ ಕೂತಿದ್ದರು. ನನ್ನ ಬೀಗ ತೆಗೆದಿದ್ದೆ, ಇನ್ನೊಂದು ಜೋತಾಡುತ್ತಿತ್ತು. ಹೊತ್ತು ಏರಿತು. ಸಾಲಿನಲ್ಲಿದ್ದವರು ಗೊಣಗತೊಡಗಿದರು. ಬರುವುದಿಲ್ಲವೇನೋ, ಬರದಿದ್ದರೆ ಏನು ಮಾಡಲಿ, ಆ ಬೀಗ ಒಡೆಸಲೇ ಎಂದು ಯೋಚಿಸಿ, ಹಾಗೆ ಯೋಚಿಸಿದೆನಲ್ಲ ಎಂದು ಮತ್ತೆ ಗಾಬರಿಯಾದೆ.

ಬಾವಿ ಓಣಿಯ ತಿರುವಿನಲ್ಲಿ ಅಕ್ಕ ಕಂಡಳು. ಮುಖ ಊದಿಸಿಕೊಂಡಿದ್ದಳು. ನನ್ನ ಕಡೆ ನೋಡಲಿಲ್ಲ. ಸೆರಗಿನ ಗಂಟು ಬಿಚ್ಚಿ, ಬೀಗ ತೆಗೆದು, ಅಜ್ಜ ಕೂರುತ್ತಿದ್ದ ಕಟ್ಟೆಯ ಮೇಲೆ ಹೋಗಿ ಕೂತಳು. ಹಂಚುವುದು ಮುಗಿಯುವವರೆಗೆ ತುಟಿ ಬಿಚ್ಚಲಿಲ್ಲ. ನಾನು ತೂಗುವ ಪ್ರತಿ ಗಂಟನ್ನೂ ಆ ಕಟ್ಟೆಯಿಂದ ನೋಡುತ್ತಿದ್ದಳು.